ಬಿಳಿ ಹೂವಿನ ರಸ್ತೆ

ಮೂಗಿನೊಳಗೆ ಏನೋ ಹರಿದಾಡಿದಂತೆ, ಇರುವೆಯೇ, ಅಲ್ಲ, ಅದೇ ವಾಸನೆ — ರಸ್ತೆ ಬದಿಯಲ್ಲಿ ಯಂತ್ರ ಹಿಡಿದು ಪಾರ್ಥೇನಿಯಂ ಕತ್ತರಿಸುತ್ತಿದ್ದಾರೆ, ಸೊಂಟದೆತ್ತರದ ಗಿಡ, ಮೈತುಂಬ ಅಕ್ಕಿನುಚ್ಚಿನಂಥ ಬಿಳಿ ಹೂವು, ಪುಡಿಯಾಗಿ ಎದ್ದು ನೇರ ನನ್ನ ಕಿಟಕಿಗೇ ಬರುತ್ತಿದೆ, ಗಾಜು ಅರ್ಧಕ್ಕೇ ಸಿಕ್ಕಿಕೊಂಡಿದೆ, ಎಷ್ಟು ಎಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಹೂ ಬಿಡೋ ಕಾಲದಲ್ಲಿ ಆದಷ್ಟು ಹೊರಗೆ ಓಡಾಡಬೇಡಿ ಅಂದಿದ್ದರು ಡಾಕ್ಟರು, ಬಸ್ಸು ಓಡಿಸೋಳಿಗೆ ಹೇಳೋ ಮಾತಾ ಇದು ಎಂದು ನಕ್ಕಿದ್ದೆ, ಆಗ ನಗುವಷ್ಟು ಉಸಿರಿತ್ತು. ಸೀನು ಬಂತು, ಇನ್ನೊಂದು, ಸೀನುವಾಗ ಕಣ್ಣು ಮುಚ್ಚುತ್ತದೆ, ಅಷ್ಟರಲ್ಲೇ ಬಸ್ಸು ಎಷ್ಟು ದೂರ ಹೋಗಿರುತ್ತದೆ, ಹಿಂದೆ ತುಂಬಿದ ಜನ, ಮುಂದಿನ ಸೀಟಿನಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹೆಂಗಸು. ಎದೆಯೊಳಗೆ ಸಿಳ್ಳೆ ಶುರುವಾಯಿತು — ಅಮ್ಮನ ಎದೆಯ ಸಿಳ್ಳೆ ಅದು, ಅಮ್ಮ ಬೆಕ್ಕು ನುಂಗಿದ್ದಾಳೆ ಎಂದು ನಾವು ಮಕ್ಕಳು ಆಡಿಕೊಳ್ಳುತ್ತಿದ್ದೆವು, ಆ ಬೆಳಗ್ಗೆ ಕಿಟಕಿಯ ಸರಳು ಹಿಡಿದು ಬಾಯಿ ತೆರೆದು ಕೂತವಳು ಕೂತಲ್ಲೇ ಹೋದಳು, ಬೇಡ, ಅದನ್ನೀಗ ನೆನೆಯಬೇಡ, ಉಬ್ಬಸದ ಪಂಪ್ ತೆಗೆ. ಜೇಬಿನಲ್ಲಿ ಕರವಸ್ತ್ರ, ಬೀಗದ ಕೈ, ಪಂಪ್ ಇಲ್ಲ, ನಿನ್ನೆಯ ಅಂಗಿಯಲ್ಲಿದೆ, ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿದೆ. ಸೇತುವೆ ಬಂದೇ ಬಿಟ್ಟಿತು, ಇಕ್ಕಟ್ಟು, ಹಿಂದೆ ಲಾರಿ, ನಿಲ್ಲಿಸಲು ಜಾಗವಿಲ್ಲ, ಎಡಕ್ಕೆ ಮೊಣಕಾಲೆತ್ತರದ ಕಟ್ಟೆ, ಕೆಳಗೆ ನೀರು, ಉಸಿರು ಒಳಗೆ ಹೋದದ್ದು ಹೊರಗೆ ಬರುತ್ತಿಲ್ಲ, ಸ್ಟೀರಿಂಗ್ ಹಿಡಿದ ಬೆರಳು ಜುಮುಗುಡುತ್ತಿವೆ. ಯಾಕಕ್ಕಾ ಸ್ಲೋ ಮಾಡಿದ್ರಿ, ಕಂಡಕ್ಟರ್ ಕೂಗುತ್ತಾನೆ, ಹೇಳಲು ಗಾಳಿಯಿಲ್ಲ, ಕನ್ನಡಿಯಲ್ಲಿ ನನ್ನ ತುಟಿಯ ಬಣ್ಣ ನೋಡಿ ಅವನ ಮುಖ ಬಿಳುಚಿಕೊಂಡಿತು, ದಾಟು, ಇಷ್ಟು ದಾಟು, ಆಮೇಲೆ ಬೇಕಾದ್ದಾಗಲಿ, ದೀಪದ ಕಂಬ, ಇನ್ನೊಂದು ಕಂಬ, ಮುಗಿಯಿತು, ಮಣ್ಣಿನ ಅಂಚು, ಬ್ರೇಕ್. ಯಾರ ಹತ್ರನಾದ್ರೂ ಉಬ್ಬಸದ ಪಂಪ್ ಇದ್ಯಾ, ನೋಡ್ರೀ ಸ್ವಲ್ಪ, ಅವನು ಸೀಟು ಸೀಟಿಗೂ ಕೇಳುತ್ತಾನೆ, ಯಾರ ಹತ್ತಿರವೂ ಇಲ್ಲ, ಯಾರ ಹತ್ತಿರವೂ ಇಲ್ಲ, ಮುಂದಿನ ಸೀಟಿನ ಹೆಂಗಸು ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮಗಳನ್ನು, ಆಮೇಲೆ ಚೀಲ ತೆರೆದಳು, ಇದು ಇವಳದು, ಸ್ವಲ್ಪಾನೇ ಉಳಿದಿದೆ, ತಗೊಳ್ಳಿ. ಒಂದು ಎಳೆತ, ಕಹಿ, ಇನ್ನೊಂದು, ಎದೆಯ ಬಿಗಿ ಎಳೆಯಷ್ಟು ಸಡಿಲವಾಯಿತು, ಉಸಿರು ಹೊರಗೆ ಬಂತು, ಬದುಕಿದೆ, ಎಲ್ಲರೂ ಬದುಕಿದ್ದೇವೆ. ಕಾಲು ತೆಗೀರಿ ಅಕ್ಕ, ಗಾಡಿ ನಿಂತಿದೆ, ಹ್ಯಾಂಡ್ ಬ್ರೇಕ್ ನಾನೇ ಹಾಕಿದೀನಿ, ಕಂಡಕ್ಟರ್ ಮೆತ್ತಗೆ ಹೇಳುತ್ತಿದ್ದಾನೆ, ತೆಗೆಯುತ್ತೇನೆ, ತೆಗೆ ಎಂದು ಹೇಳುತ್ತಲೇ ಇದ್ದೇನೆ, ಕಾಲು ಕೇಳುತ್ತಿಲ್ಲ, ಬ್ರೇಕಿನ ಮೇಲೆ ಮರದ ಕೊರಡಿನಂತೆ ನನ್ನ ಕಾಲು, ಬೆನ್ನ ಹಿಂದೆ ಆ ಪುಟ್ಟ ಹುಡುಗಿ ಸೀನಿದಳು, ಪಂಪ್ ನನ್ನ ಕೈಯಲ್ಲಿ ಹಗುರಾಗಿದೆ, ಮತ್ತೆ ಸೀನಿದಳು, ಕಾಲು, ಬ್ರೇಕಿನ ಮೇಲೆ ಕಾಲು —