ಎರಡನೇ ಸುತ್ತಿನ ಕಾವು

ಜೆಟ್ ಬೋಟಿನ ಕೀ ತನ್ನ ಕೈಗೇ ಬರುತ್ತದೆಂದು ನೀಲಕಂಠ ನಂಬಿಕೊಂಡಿದ್ದು ಸುಮ್ಮಸುಮ್ಮನೆ ಅಲ್ಲ. ಕಣ್ವ ಡ್ಯಾಮಿನ ಹಿನ್ನೀರಿನಲ್ಲಿ ಚನ್ನಬಸವಯ್ಯ ಬೋಟಿಂಗ್ ಶುರು ಮಾಡಿ ಮೂರು ವರ್ಷ. ಆ ಮೂರು ವರ್ಷವೂ ಬಾತುಕೋಳಿ ಆಕಾರದ ಪೆಡಲ್ ಬೋಟುಗಳನ್ನು ಬೆಳಗ್ಗೆ ನೀರಿಗಿಳಿಸಿ ಸಂಜೆ ಎಳೆದು ಕಟ್ಟಿದವನು ಅವನು. ಬೆಂಗಳೂರಿನಿಂದ ಬಂದವರು ನಡುನೀರಿನಲ್ಲಿ ಕಾಲು ಸೋತು ಕೂತುಬಿಟ್ಟರೆ ಹಗ್ಗ ಹಾಕಿ ದಡಕ್ಕೆ ತಂದವನೂ ಅವನೇ. "ದೊಡ್ಡ ಬೋಟ್ ಬರ್ಲಿ ಕಣಪ್ಪಾ, ನೀನೇ ಓಡ್ಸೋನು" ಎಂದು ಚನ್ನಬಸವಯ್ಯ ಒಂದು ಸಲ ಅಲ್ಲ, ನಾಲ್ಕು ಸಲ, ಅದೂ ಜನರ ಮುಂದೆ ಹೇಳಿದ್ದರು.

ಬೋಟು ಬಂತು. ಬೇರೆ ಯಾರೋ ಓಡಿಸಿ ಮಾರಿದ್ದು, ಮಂಗಳೂರಿನ ಕಡೆಯಿಂದ ಲಾರಿ ಮೇಲೆ ಬಂತು. ಒಂದು ವಾರ ಬಿಟ್ಟು ದೇವರಾಜನೂ ಬಂದ.

"ಇವ್ನು ಎಂಜಿನ್ ಓದ್ಕಂಡವ್ನೆ. ಬಿಡದಿ ಕಾರ್ ಫ್ಯಾಕ್ಟ್ರೀಲಿ ಎರಡ್ ವರ್ಷ ಇದ್ದ. ಬೋಟ್ ಇವ್ನ್ ನೋಡ್ಕತಾನೆ. ನೀನು ಜೊತೇಲಿದ್ದು ಕಲ್ಕೊ" ಎಂದರು ಚನ್ನಬಸವಯ್ಯ. ಕೀಯನ್ನು ದೇವರಾಜನ ಅಂಗೈ ಮೇಲಿಟ್ಟರು.

ಕಲ್ಕೊ ಅಂತೆ. ದೇವರಾಜನನ್ನು ನೀಲಕಂಠ ಇವತ್ತು ನೋಡಿದವನಲ್ಲ. ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಒಂದೇ ಬೆಂಚು. ಲೆಕ್ಕ ಬಾರದೆ ದೇವರಾಜ ಇವನ ಸ್ಲೇಟು ಇಣುಕುತ್ತಿದ್ದ. ಎಂಟಕ್ಕೆ ಬರುವಷ್ಟರಲ್ಲಿ ನೀಲಕಂಠ ಶಾಲೆ ಬಿಟ್ಟು ಸೋದರಮಾವ ಲಕ್ಷ್ಮಯ್ಯನ ಗೊಂಬೆ ಕಾರ್ಖಾನೆಯಲ್ಲಿ ಮರ ಕಡೆಯಲು ಕೂತ. ಆಮೇಲೆ ಪಂಪ್‌ಸೆಟ್ ರಿಪೇರಿ ಕಲಿತ. ದೇವರಾಜ ಹತ್ತು ಮುಗಿಸಿ ಐಟಿಐ ಸೇರಿದ, ಕಾಗದ ಸಂಪಾದಿಸಿದ. ಈಗ ನೀಲಿ ಶರ್ಟು, ಜೇಬಿನಲ್ಲಿ ಟೆಸ್ಟರು. ಎಂಜಿನ್ನಿಗೆ ಕಾಗದ ಓದಲು ಬರುತ್ತದೆಯೇ ಎಂದು ಕೇಳಬೇಕೆನಿಸಿತು ನೀಲಕಂಠನಿಗೆ. 

ದೇವರಾಜ ಬರುವುದಕ್ಕೆ ಮೊದಲಿನ ಆ ಒಂದು ವಾರ ಬೋಟು ನೀಲಕಂಠನ ಪಾಲಿಗೇ ಇತ್ತು. ಕೆಳಗಿನಿಂದ ನೀರೆಳೆದು ಹಿಂದಕ್ಕೆ ಚಿಮ್ಮಿ ಮುಂದಕ್ಕೆ ಹಾರುವ ಬೋಟು. ಎಳೆದ ನೀರಿನಲ್ಲೇ ಒಂದು ಪಾಲು ಎಂಜಿನ್ನಿನ ಮೈ ಸುತ್ತಿ ಅದನ್ನು ತಣ್ಣಗಿಟ್ಟು, ಪಕ್ಕದ ತೂತಿನಿಂದ ಹೊರಗೆ ಬೀಳಬೇಕು. ಹಾಗೆ ನೀರು ಸಾಗುವ ದಾರಿಯಲ್ಲಿ, ಎಂಜಿನ್ನಿಗೆ ಅಂಟಿಕೊಂಡಿದ್ದ ಮೊಣಕೈಯಂತೆ ಬಾಗಿದ ಹಿತ್ತಾಳೆಯ ಎಲ್ಬೋ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ನೀರು ಜಿನುಗುತ್ತಿತ್ತು. ನೀಲಕಂಠ ಮಾವನ ಕಾರ್ಖಾನೆಯಿಂದ ಕೆಂಪು ಅರಗಿನ ಕಡ್ಡಿ ತಂದ. ಗೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. ಬಿಸಿ ಮಾಡಿ, ಬಿರುಕಿಗೆ ತುಂಬಿ, ಒದ್ದೆ ಹೆಬ್ಬೆರಳಿನಿಂದ ನುಣ್ಣಗೆ ಒತ್ತಿದ. ಊರ ತೋಟಗಳ ಎಷ್ಟೋ ಪಂಪಿಗೆ ಅವನು ಹಚ್ಚಿದ ಅರಗು ವರ್ಷಗಟ್ಟಲೆ ನಿಂತಿದೆ. ಜಿನುಗು ನಿಂತಿತು. ಚನ್ನಬಸವಯ್ಯ ಬೆನ್ನು ತಟ್ಟಿದರು. ಅದು ಕೀ ಸಿಗುವ ಸೂಚನೆ ಎಂದೇ ಅವನು ತಿಳಿದಿದ್ದ.

ದೇವರಾಜನ ಕೈಗೆ ಬಂದ ಮೂರನೇ ದಿನದಿಂದ ಬೋಟಿನ ಎಂಜಿನ್ ವಿಪರೀತ ಕಾಯತೊಡಗಿತು.

ವಿಚಿತ್ರ ಏನೆಂದರೆ ಮೊದಲ ಸುತ್ತಿಗೆ ಏನೂ ಆಗುತ್ತಿರಲಿಲ್ಲ. ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಹೊರಟರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿ, ಬೀಪ್ ಬೀಪ್ ಎಂದು ಅರಚುತ್ತಿತ್ತು. ದೇವರಾಜ ಅಡಿಯ ಜಾಲರಿಗೆ ಸಿಕ್ಕಿದ್ದ ಹುಲ್ಲು ತೆಗೆದ. ಶೋಧಕದ ಮರಳು ತೊಳೆದ. ಥರ್ಮೋಸ್ಟಾಟ್ ಬಿಚ್ಚಿ, ದಡದ ಮೇಲಿನ ಗುಲ್ಜಾರ್ ಬೀಯ ಟೀ ಅಂಗಡಿಗೆ ಒಯ್ದು ಕುದಿಯುವ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟ. ಬಿಸಿಗೆ ಅದರ ಬಾಯಿ ತೆರೆಯುತ್ತದೋ ಇಲ್ಲವೋ ನೋಡಬೇಕಿತ್ತು.

"ನನ್ ಪಾತ್ರೇಲಿ ಏನಪ್ಪಾ ಬೇಯ್ಸ್ತಾ ಇದೀಯ?" ಎಂದಳು ಗುಲ್ಜಾರ್ ಬೀ. "ಚಾಯ್ ಗ್ರೀಸ್ ವಾಸ್ನೆ ಬಂದ್ರೆ ಗಿರಾಕಿಗೆ ನಿನ್ ಹೆಸ್ರೇ ಹೇಳ್ತೀನಿ ನೋಡು."

"ಹೇಳಮ್ಮ. ಒಸಿ ಹೆಸ್ರಾದ್ರೂ ಬರ್ಲಿ" ಎಂದ ದೇವರಾಜ.

ಅವಳು ನಕ್ಕು ಅವನ ಕೈಗೆ ಬನ್ನು ಕೊಟ್ಟಳು. ಮೂರು ವರ್ಷ ಟೀ ಕುಡಿದರೂ ನೀಲಕಂಠನಿಗೆ ಅವಳು ಪುಗಸಟ್ಟೆ ಒಂದು ಬಿಸ್ಕತ್ತು ಕೊಟ್ಟವಳಲ್ಲ. ಅವನು ತನ್ನ ಲೋಟ ಕೆಳಗಿಟ್ಟು ಎದ್ದು ಬಂದ. ಎಂಜಿನ್ ಕಾದಷ್ಟೂ ಅವನ ಹೊಟ್ಟೆ ತಣ್ಣಗಾಗುತ್ತಿತ್ತು, ಅದು ಸುಳ್ಳಲ್ಲ. ಶನಿವಾರ ಪ್ರವಾಸೋದ್ಯಮ ಇಲಾಖೆಯ ಸಾಹೇಬರು ಬಂದು ಕೂತು ನೋಡಿದರೆ ಮಾತ್ರ ಬೋಟಿಗೆ ಪರ್ಮಿಷನ್. ಆವತ್ತು ಅದು ಕೆಟ್ಟು ನಿಂತರೆ ನೀಲಿ ಶರ್ಟು ಬಿಡದಿ ಬಸ್ಸು ಹತ್ತುತ್ತದೆ. ಕೀಗೆ ಆಗ ಬೇರೆ ಕೈ ಯಾವುದಿದೆ?

ಶುಕ್ರವಾರ ಮಧ್ಯಾಹ್ನ ದೇವರಾಜ ಹೊಸ ಥರ್ಮೋಸ್ಟಾಟ್ ತರಲು ಬಿಡದಿಗೆ ಹೊರಟ. "ನಾನ್ ಬರೋಗಂಟ ಹೋಸ್ ಪೈಪೆಲ್ಲ ಒಂದ್ಸಲ ಬಿಚ್ಚಿ ನೋಡ್ಲಾ. ನಿನ್ ಕೈಗೆ ಸಿಗೋದು ನನ್ ಕಣ್ಣಿಗ್ ಕಾಣಾಕಿಲ್ಲ" ಎಂದು ಹೇಳಿಹೋದ.

ಹೊಗಳಿಕೆಯೂ ಅವನ ಬಾಯಿಂದಲೇ ಬರಬೇಕೆ ಎಂದುಕೊಂಡು ನೀಲಕಂಠ ಪೈಪು ಬಿಚ್ಚಿದ. ಎಲ್ಬೋದೊಳಗೆ ಕಿರುಬೆರಳು ತೂರಿಸಿದ. ಬೆರಳಿಗೆ ತಗುಲಿದ್ದು ತುಕ್ಕಲ್ಲ, ಪಾಚಿಯಲ್ಲ. ಗೊಂಬೆಯ ಕೆನ್ನೆಯಂತೆ ನುಣ್ಣಗಿತ್ತು. ಉಗುರಿನಿಂದ ಎಬ್ಬಿದ. ಹುಣಸೆಬೀಜದಷ್ಟು ಕೆಂಪು ಗಡ್ಡೆ ಕಿತ್ತು ಬಂತು.

ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತೋಟದ ಪಂಪಿನಲ್ಲಿ ಹಗಲೂ ರಾತ್ರಿ ತಣ್ಣೀರೇ ಓಡುತ್ತದೆ, ಅರಗು ಕಲ್ಲಿನ ಹಾಗೆ ನಿಲ್ಲುತ್ತದೆ. ಇಲ್ಲಿ ಎಂಜಿನ್ ನಿಲ್ಲಿಸಿದೊಡನೆ ನೀರು ಇಳಿದುಹೋಗುತ್ತದೆ, ಕಾದ ಕಬ್ಬಿಣದ ಬಿಸಿ ಎಲ್ಬೋಗೆ ಏರುತ್ತದೆ, ಅರಗು ಕರಗಿ ಒಳಕ್ಕೆ ಇಳಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ತಣ್ಣೀರು ತಗುಲಿ ಅಲ್ಲೇ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಹೊರಗೆ ಒಂದು ಹನಿ ಜಿನುಗಿಲ್ಲ. ಒಳಗೆ, ಬೆರಳು ಮುಟ್ಟದ ತಿರುವಿನಲ್ಲಿ, ಇನ್ನೂ ಬೇಕಾದಷ್ಟಿದೆ.

ಗೊಂಬೆ ಮಾಡುವವರ ಮನೆ ಹುಡುಗ ಅರಗು ಕರಗುತ್ತದೆ ಎಂಬುದನ್ನು ಮರೆತಿದ್ದ. ಇದು ಗೊತ್ತಾದರೆ ಚನ್ನಬಸವಯ್ಯ ಏನನ್ನುತ್ತಾರೆ, ದೇವರಾಜ ಹೇಗೆ ನಗುತ್ತಾನೆ, ಎಲ್ಲವೂ ಕಣ್ಣಿಗೆ ಕಟ್ಟಿತು. ಗಡ್ಡೆಯನ್ನು ನೀರಿಗೆಸೆದ. ಪೈಪು ಸೇರಿಸಿ ಕ್ಲಿಪ್ಪು ಬಿಗಿದ.

ಸಂಜೆ ದೇವರಾಜ ಬಂದು ಕೇಳಿದ. "ಏನಾರ ಸಿಕ್ತೇನ್ಲಾ?"

"ಏನಿಲ್ಲ."

"ಎಲ್ಬೋ ತಾವ?"

"ಇಲ್ಲ ಅಂದ್ನಲ್ಲ."

"ನೀನ್ ನೋಡಿದ್ಮ್ಯಾಕೆ ಮುಗೀತು ಬುಡು" ಎಂದು ದೇವರಾಜ ಹೊಸ ಥರ್ಮೋಸ್ಟಾಟಿನ ಡಬ್ಬಿ ಒಡೆದ.

ಶನಿವಾರ ಹನ್ನೊಂದಕ್ಕೆ ಸಾಹೇಬರು ಬಂದರು, ಜೊತೆಗೆ ಇಬ್ಬರು ಆಫೀಸಿನವರು. ಲೈಫ್ ಜಾಕೆಟ್ ಹಾಕಿಕೊಂಡು ಕೂತರು. ಮೊದಲ ಸುತ್ತು ಬೆಣ್ಣೆಯಂತೆ ಹೋಯಿತು. ದೇವರಾಜ ಬೋಟನ್ನು ವಾಲಿಸಿ ತಿರುಗಿಸಿದಾಗ ನೀರಿನ ಬೀಸಣಿಗೆ ಎದ್ದು ದಡದವರೆಲ್ಲ ಹೋ ಎಂದರು.  ಆ ತಿರುವನ್ನು ನೀಲಕಂಠ ಕನಸಿನಲ್ಲಿ ಎಷ್ಟು ಸಲ ತೆಗೆದುಕೊಂಡಿದ್ದನೋ.

ದಡದಲ್ಲಿ ನಿಲ್ಲಿಸಿ ಫೋಟೋ ತೆಗೆದರು, ಎಳನೀರು ಕುಡಿದರು. "ಇನ್ನೊಂದು ರೌಂಡ್ ಹೋಗೋಣ, ಡ್ಯಾಮ್ ಗೋಡೆ ತನಕ" ಎಂದರು ಸಾಹೇಬರು. ದೇವರಾಜ ಕೀ ತಿರುಗಿಸುವ ಮೊದಲು ಒಮ್ಮೆ ನೀಲಕಂಠನ ಕಡೆ ನೋಡಿದ. ಹೇಳುವುದಿದ್ದರೆ ಅದೇ ಹೊತ್ತು. ನೀಲಕಂಠ ಬಗ್ಗಿ ಹಗ್ಗ ಬಿಚ್ಚಿಕೊಟ್ಟ.

ನಡುನೀರಿನಲ್ಲಿ ಬೋಟು ನಿಂತಿತು. ಬಿಳಿ ಹಬೆ ಎದ್ದಿತು. ದೇವರಾಜ ಮೂವರನ್ನೂ ಮುಂಭಾಗಕ್ಕೆ ಕಳಿಸಿ ಎಂಜಿನ್ನಿನ ಮುಚ್ಚಳ ತೆಗೆಯುತ್ತಿದ್ದುದು ದಡಕ್ಕೆ ಕಾಣುತ್ತಿತ್ತು.

"ಏನ್ ನಿಂತ್ಕಂಡ್ ನೋಡ್ತಿದೀಯ, ಹೋಗ್ಲಾ" ಎಂದು ಚನ್ನಬಸವಯ್ಯ ತಳ್ಳಿದರು.

ಅವನು ಬಾತುಕೋಳಿ ಬೋಟು ಹತ್ತಿ ಪೆಡಲ್ ತುಳಿದ. ಅಂದುಕೊಂಡದ್ದೇ ಆಗಿತ್ತು, ಖುಷಿಯಾಗಬೇಕಿತ್ತು. ಹತ್ತಿರ ಹೋದಂತೆ ಹಬೆಯ ವಾಸನೆ ಬಂತು, ಸಾಹೇಬರ ಕೈ ಕಂಬಿಯನ್ನು ಬಿಗಿಹಿಡಿದಿದ್ದು ಕಂಡಿತು. ದೇವರಾಜನ ಬಲಗೈಯ ಮೇಲೆ ಬಿಸಿನೀರು ಹಾರಿ ಚರ್ಮ ಕೆಂಪಾಗಿತ್ತು. ಅವನು ಹಗ್ಗವನ್ನು ಎಡಗೈಯಿಂದ ಹಿಡಿದು ಕಟ್ಟಿದ. ಬಾತುಕೋಳಿ ಮುಂದೆ, ಜೆಟ್ ಬೋಟು ಹಿಂದೆ. ದಡ ಮುಟ್ಟಲು ಅರ್ಧ ಗಂಟೆ ಹಿಡಿಯಿತು.

ಚನ್ನಬಸವಯ್ಯನವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಯಾರ್ ತಪ್ಪಿದು?"

"ನಂದೇ ಯಜಮಾನ್ರೇ" ಎಂದ ದೇವರಾಜ. "ಹೊಸ ಥರ್ಮೋಸ್ಟಾಟ್ ಹಾಕಿ ಎರಡನೇ ಸುತ್ತು ನೋಡ್ದೆ ಇವ್ರುನ್ನ ಕೂರಿಸ್ಬಾರ್ದಿತ್ತು. ಎಂಜಿನ್ ನನ್ ಕೈಲಿತ್ತು. ಬೇರೆ ಯಾರೂ ಹೊಣೆಯಲ್ಲ."

ಸಾಹೇಬರು ಜಾಕೆಟ್ ಬಿಚ್ಚುತ್ತ ತಲೆಯಾಡಿಸಿದರು. "ನಮ್ಮನ್ನ ಸೇಫಾಗಿ ಮುಂದೆ ಕೂರಿಸಿ ಕೈ ಸುಟ್ಕೊಂಡ. ತಪ್ಪು ಅಂತ ತಾನೇ ಒಪ್ಕೋತಾ ಇದಾನೆ. ಇಂಥ ಡ್ರೈವರ್ ಸಿಗಲ್ಲ ಕಣ್ರೀ, ಇಟ್ಕೊಳ್ಳಿ. ರಿಪೇರಿ ಮಾಡ್ಸಿ, ಬುಧವಾರ ಬರ್ತೀನಿ."

ಚನ್ನಬಸವಯ್ಯನವರ ಮುಖದ ಗಂಟು ಸಡಿಲಾಯಿತು. ಅವರು ದೇವರಾಜನ ಹೆಗಲ ಮೇಲೆ ಕೈಯಿಟ್ಟರು. ಗುಲ್ಜಾರ್ ಬೀ ಸುಟ್ಟ ಕೈಗೆ ಹಚ್ಚಲು ಏನೋ ಹಿಡಿದು ಓಡಿ ಬಂದಳು.

ನೀಲಕಂಠನ ತಲೆಯಲ್ಲಿ ಏನೋ ಸಿಡಿಯಿತು. ಕೀ ಇವನದಾಯಿತು, ಬೋಟು ಇವನದಾಯಿತು, ಬನ್ನು ಇವನದಾಯಿತು. ಈಗ ಮಾಡದ ತಪ್ಪನ್ನೂ ಎತ್ತಿಕೊಂಡು ಅದರಲ್ಲೂ ಶಭಾಷ್ ಅನ್ನಿಸಿಕೊಳ್ಳುತ್ತಿದ್ದಾನೆ.

"ಅವ್ನ್ದಲ್ಲ" ಎಂದ. ದನಿ ತನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ನಂದು. ಎಲ್ಬೋಗೆ ಅರಗು ಹಚ್ಚಿದ್ದು ನಾನು. ಕರಗಿ ಒಳಗ್ ಕಟ್ಕಂಡೈತೆ. ಬಿಚ್ಚಿ ನೋಡಿ, ಕೆಂಪಗೈತೆ. ಇವ್ನಿಗೆ ಅದ್ರ ಗಂಧಗಾಳಿನೂ ಗೊತ್ತಿಲ್ಲ."

"ಯಾವಾಗ್ ಗೊತ್ತಾಯ್ತು ನಿಂಗೆ?" ಎಂದರು ಚನ್ನಬಸವಯ್ಯ ಮೆಲ್ಲಗೆ.

"ನೆನ್ನೆ."

"ನೆನ್ನೆ ಗೊತ್ತಿದ್ದೂ ಇವತ್ ಹಗ್ಗ ಬಿಚ್ಕೊಟ್ಯಾ? ನಾಕ್ ಜನ ಕೂತಿದ್ರಲ್ಲೋ ಅದ್ರಲ್ಲಿ."

ನೀಲಕಂಠ ಬಾತುಕೋಳಿ ಬೋಟಿನ ಹಗ್ಗವನ್ನು ಗೂಟಕ್ಕೆ ಸುತ್ತತೊಡಗಿದ.

"ನಾಳೆಯಿಂದ ಬರ್ಬೇಡ" ಎಂದು ಹೇಳಿ ಚನ್ನಬಸವಯ್ಯ ಸಾಹೇಬರನ್ನು ಕಾರಿನ ತನಕ ಬಿಡಲು ಹೋದರು.

ದೇವರಾಜ ಎಲ್ಬೋ ಬಿಚ್ಚಿ ದಡದ ಮೆಟ್ಟಿಲ ಮೇಲಿಟ್ಟುಕೊಂಡು ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೆರೆಯುತ್ತಿದ್ದ. ನೀಲಕಂಠ ಚೀಲ ಹೆಗಲಿಗೇರಿಸಿದವನು ಅದನ್ನು ನೋಡಿ ತಡೆಯಲಾಗದೆ ನಿಂತ.

"ಕೆರೀಬ್ಯಾಡ ಕಣ್ಲಾ. ಚೂರಾಗಿ ಇನ್ನೂ ಒಳೀಕ್ ಓಯ್ತದೆ. ಕಾಯಿಸ್ಬೇಕು. ಕೊಡು ಇಲ್ಲಿ."

ಗುಲ್ಜಾರ್ ಬೀಯ ಒಲೆಯ ಉರಿಗೆ ಎಲ್ಬೋ ಹಿಡಿದು, ಬಿದಿರ ಕಡ್ಡಿ ತೂರಿಸಿ, ಮೆತ್ತಗಾದ ಅರಗನ್ನು ಸುತ್ತಿ ಸುತ್ತಿ ಎಳೆದ. ಮಾವನ ಕಾರ್ಖಾನೆಯಲ್ಲಿ ಕೈಗೆ ಹತ್ತಿದ ಕೆಲಸ. ಕೆಂಪು ದಾರದಂತೆ ಅದು ಪೂರ್ತಿ ಹೊರಬಂತು. ದೇವರಾಜ ಉಸಿರು ಬಿಡದೆ ನೋಡುತ್ತಿದ್ದ.

"ಯಾಕ್ಲಾ ಹಿಂಗ್ ಮಾಡ್ದೆ?" ಎಂದು ಕೇಳಿದ ಕೊನೆಗೆ.

"ನೀನ್ ಬಂದ್ಯಲ್ಲ, ಅದ್ಕೆ."

"ಹಂಗಾರೆ ಒಪ್ಕಂಡಿದ್ ಯಾಕೆ?"

"ಅದ್ನೂ ನೀನೇ ತಗಂಡ್ಬುಟ್ಯಲ್ಲ, ಅದ್ಕೆ."

ದೇವರಾಜ ನಗಲಿಲ್ಲ. ತನ್ನ ಸುಟ್ಟ ಕೈ ನೋಡಿಕೊಂಡ. "ಆ ನಾಕ್ ಜನದಲ್ಲಿ ನಾನೂ ಒಬ್ಬ ಕಣ್ಲಾ" ಎಂದಷ್ಟೇ ಹೇಳಿ ಎಲ್ಬೋ ತೆಗೆದುಕೊಂಡು ಬಿರುಕಿಗೆ ಬೆಸುಗೆ ಹಾಕಿಸಲು ಪೇಟೆಗೆ ಹೋದ.

ನೀಲಕಂಠನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಲಿಲ್ಲ. ಬಿಸಿಲಿಳಿಯುವ ಹೊತ್ತಿಗೆ ದೇವರಾಜ ಬಂದು ಪೈಪು ಜೋಡಿಸಿದ. ಒಬ್ಬನೇ ಒಂದು ಸುತ್ತು ಹೋಗಿ ಬಂದ. ನಿಲ್ಲಿಸಿ ಕಾಲು ಗಂಟೆ ಕಾದ. ಎರಡನೇ ಸುತ್ತಿಗೆ ಹೊರಟಾಗ ನೀಲಕಂಠನ ಕಿವಿ ಬೀಪ್ ಸದ್ದಿಗಾಗಿ ನಿಮಿರಿತ್ತು. ಅದು ಬರಲಿ ಎಂದೋ ಬಾರದಿರಲಿ ಎಂದೋ ಅವನಿಗೇ ತಿಳಿಯದು. ಬರಲಿಲ್ಲ. ಪಕ್ಕದ ತೂತಿನಿಂದ ನೀರು ದಪ್ಪಗೆ ಬೀಳುತ್ತಿತ್ತು.

ದೇವರಾಜ ದಡಕ್ಕೆ ಬರಬೇಕಿತ್ತು. ಬರಲಿಲ್ಲ. ಬೋಟನ್ನು ಡ್ಯಾಮ್ ಗೋಡೆಯ ಕಡೆ ತಿರುಗಿಸಿ ಮೂರನೇ ಸುತ್ತು ಹೊರಟ. ಅದರಲ್ಲಿ ಪರೀಕ್ಷೆ ಮಾಡುವುದು ಏನೂ ಉಳಿದಿರಲಿಲ್ಲ. ನೋಡಲು ಯಾರೂ ಇರಲಿಲ್ಲ. ಖಾಲಿ ನೀರು, ಕೈಯಲ್ಲಿ ಕೀ, ಸುಮ್ಮನೆ ಖುಷಿಗೆ ಹೊರಟಿದ್ದ. ಕೀ ತನ್ನದಾಗಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆ ಎಂದು ನೀಲಕಂಠನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಸ್ಸಿನ ದಾರಿ ಹಿಡಿದು ಬಿರಬಿರನೆ ನಡೆದ. ಏರಿಯ ಆಚೆ ಇಳಿಯುವ ತನಕವೂ ಬೋಟಿನ ಸದ್ದು ಬೆನ್ನಿಗೆ ಬಡಿಯುತ್ತಲೇ ಇತ್ತು.