ಗುಟ್ಟಕ್ಕನ ಮೇಜಿನ ಮೇಲೆ ಇಪ್ಪತ್ತೇಳು ಹಾಳೆ ಷರತ್ತು

ಆ ಬೀದಿಯ ಗುಟ್ಟುಗಳನ್ನೆಲ್ಲ ಮೂಟೆ ಕಟ್ಟಿ ಹಡಗಿಗೆ ಹೇರಿದ್ದರೆ ಹಡಗು ಬಂದರು ಬಿಡುವ ಮೊದಲೇ ಮುಳುಗುತ್ತಿತ್ತು. ಅಷ್ಟನ್ನೂ ಮೂವತ್ತು ವರ್ಷಗಳಿಂದ ಒಬ್ಬಳೇ ಹೆಂಗಸು ಹೊಟ್ಟೆಯಲ್ಲಿ ಹಾಕಿಕೊಂಡು ಕೂತಿದ್ದಳು. ಹೆಂಗಸರ ಬಟ್ಟೆ ಹೊಲಿಯುವ ಅವಳನ್ನು ಎಲ್ಲರೂ ಗುಟ್ಟಕ್ಕ ಎಂದೇ ಕರೆಯುತ್ತಿದ್ದರು. ಗುಟ್ಟುಗಳು ಅವಳಲ್ಲಿಗೆ ಬಂದು ಸೇರುವುದರಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಕೊರಳ ಅಳತೆಗೆ ಟೇಪು ಸುತ್ತಿದಾಗ ಗಿರಾಕಿಯ ಬಾಯಿ ದರ್ಜಿಯ ಕಿವಿಗೆ ನಾಲ್ಕೇ ಬೆರಳು ದೂರ. ಅಷ್ಟು ಹತ್ತಿರ ಒಂದು ಕಿವಿ ಸಿಕ್ಕರೆ ಯಾರ ನಾಲಿಗೆ ಸುಮ್ಮನಿರುತ್ತದೆ? ಕಲ್ಲಿನ ಬೊಂಬೆಯನ್ನು ತಂದು ನಿಲ್ಲಿಸಿದ್ದರೆ ಅದೂ ಗಂಡನ ಮೇಲೆ ಎರಡು ದೂರು ಹೇಳಿಯೇ ಹೋಗುತ್ತಿತ್ತು.

ಅಲ್ಲಿ ಹೇಳಿದ ಮಾತು ಒಂದು ದಿನವೂ ಹೊರಗೆ ಹೋಗಿರಲಿಲ್ಲ. ಆದರೆ ಈಚೆಗೆ ಒಳಗೂ ಹೋಗುತ್ತಿರಲಿಲ್ಲ. ಹೊಲಿಗೆ ಯಂತ್ರದ ಗಡಗಡ ಸದ್ದು ಗುಟ್ಟಕ್ಕನ ಕಿವಿಗಳನ್ನು ತಿಂದುಹಾಕಿತ್ತು. ಅವಳು "ಏನಂದೆ?" ಅನ್ನುವುದು, ಗಿರಾಕಿ ದನಿ ಏರಿಸುವುದು, ಅವಳು ಮತ್ತೆ "ಆಂ?" ಅನ್ನುವುದು. ಮೂರನೇ ಸಲಕ್ಕೆ ಗುಟ್ಟು ಎದುರು ಮಹಡಿಯ ಕೂಸಿಗೂ ಬಾಯಿಪಾಠವಾಗುತ್ತಿತ್ತು. ಹೆಂಗಸರು ತುಟಿ ಹೊಲಿದುಕೊಂಡು ಅಳತೆ ಕೊಟ್ಟು ಹೋಗತೊಡಗಿದರು. ಬಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗುಟ್ಟಕ್ಕನಿಗೆ ಊಟ ಸೇರದಂತಾಯಿತು.

ಆಗ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳು ಒಂದು ಶ್ರವಣಯಂತ್ರ ತಂದಳು. ಕಡಲೆಕಾಳಿನಷ್ಟು ಗಾತ್ರ, ಆದರೆ ಇರುವೆ ನಿಟ್ಟುಸಿರು ಬಿಟ್ಟರೂ ಕೇಳಿಸುತ್ತದಂತೆ. ಫೋನಿನ ಆ್ಯಪ್‌ಗೆ ಜೋಡಿಸಿದರೆ ಗದ್ದಲವನ್ನೆಲ್ಲ ಸೋಸಿ ಪಿಸುಮಾತನ್ನಷ್ಟೇ ಕಿವಿಗೆ ಬಿಡುತ್ತದಂತೆ.

"ಇಲ್ಲಿ 'ಒಪ್ಪುತ್ತೇನೆ' ಅಂತಿದೆಯಲ್ಲ, ಅದನ್ನೊಂದು ಒತ್ತಿಬಿಡು ದೊಡ್ಡಮ್ಮಾ!" ಎಂದು ಹುಡುಗಿ ಕೂಗಿದಳು.

"ಯಾತಕ್ಕೆ ಒಪ್ಪೋದು?"

"ಷರತ್ತುಗಳಿಗೆ! ಯಾರೂ ಓದಲ್ಲ ಅದನ್ನ!"

"ಬಟ್ಟೆ ಪೂರ್ತಿ ಹರಡದೆ ನಾನು ಕತ್ತರಿ ಇಟ್ಟಿದ್ದು ನೋಡಿದೀಯೇನೇ? ಹೋಗು, ಕಾಗದದ ಮೇಲೆ ಮಾಡ್ಸಿಕೊಂಡು ಬಾ."

ಇಪ್ಪತ್ತೇಳು ಹಾಳೆ ಬಂತು. ಗುಟ್ಟಕ್ಕ ಒಂದಕ್ಕೊಂದು ಗುಂಡುಪಿನ್ನು ಚುಚ್ಚಿ, ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಮೇಜು ಸಾಲದೆ ಷರತ್ತಿನ ಬಾಲ ನೆಲಕ್ಕಿಳಿದು ಬಾಗಿಲವರೆಗೆ ಹೋಯಿತು. ಟೇಪು ಹಿಡಿದು ನೋಡಿದರೆ ಇಪ್ಪತ್ತಾರು ಅಡಿ! ಅರ್ಥವಾದ ಕಡೆ ನೀಲಿ ಸೀಮೆಸುಣ್ಣ, ಅರ್ಥವಾಗದ ಕಡೆ ಕೆಂಪು, ಹೀಗೆ ಗುರುತು ಹಾಕುತ್ತ ಹೊರಟಳು. ಬರೆದದ್ದು ನಮ್ಮದೇ ಭಾಷೆಯಲ್ಲಿ, ಆದರೆ ಅಂಥ ಭಾಷೆಯನ್ನು ಯಾವ ತಾಯಿಯೂ ತನ್ನ ಮಗುವಿನ ಹತ್ತಿರ ಆಡಿರಲಾರಳು. ಮೂರನೇ ಹಾಳೆ ಮುಗಿಯುವ ಹೊತ್ತಿಗೆ ಕೆಂಪು ಸೀಮೆಸುಣ್ಣ ಉಗುರಿನಷ್ಟಾಗಿತ್ತು.

ಆದರೂ ಅವಳಿಗೆ ಕುತೂಹಲ ಏರುತ್ತಲೇ ಹೋಯಿತು. ಮೊದಲ ಸಾಲೇ ಅವಳನ್ನು ಹಿಡಿದಿತ್ತು.

"'ನಿಮ್ಮ ಗೋಪ್ಯತೆ ನಮಗೆ ಅಮೂಲ್ಯ' ಅಂತೆ. ಹೀಗೆ ಶುರು ಮಾಡೋರನ್ನ ಮೂವತ್ತು ವರ್ಷದಿಂದ ನೋಡಿದೀನಿ. ಎರಡನೇ ಮಾತಿಗೇ ಪಕ್ಕದ ಮನೆ ಸುದ್ದಿ ತೆಗೀತಾರೆ."

ಅಷ್ಟರಲ್ಲಿ ಬೇಕರಿಯಾಕೆ ಬಂದಳು, ಅವಳ ಹಿಂದೆ ಕೋಟು ಹಿಡಿದುಕೊಂಡು ಬೀದಿಯ ಅಂಚೆಯಮ್ಮ ಬಂದಳು. ಇದರಲ್ಲಿ ಗುಟ್ಟಿನ ಮಾತಿಲ್ಲದ್ದರಿಂದ ಎಲ್ಲರೂ ಖುಷಿಯಾಗಿ ಗಂಟಲು ಬಿಚ್ಚಿದರು.

"ಅಯ್ಯೋ ಒತ್ತಕ್ಕಾ! ನಾನು ಐವತ್ತು ಕಡೆ ಒಪ್ಪಿದೀನಿ!" ಎಂದಳು ಬೇಕರಿಯಾಕೆ.

"ಏನಕ್ಕೆ ಒಪ್ಪಿದೀಯ?"

"ಅದು ಗೊತ್ತಿದ್ರೆ ಒಪ್ತಿದ್ನಾ?"

ಹದಿನಾಲ್ಕನೇ ಹಾಳೆಯಲ್ಲಿ ಗುಟ್ಟಕ್ಕನ ಬೆರಳು ನಿಂತಿತು. ಅವಳು ಗಟ್ಟಿಯಾಗಿ ಓದಿದಳು: "'ಸೇವೆಯನ್ನು ಉತ್ತಮಪಡಿಸುವ ಸಲುವಾಗಿ ಸುತ್ತಲಿನ ಧ್ವನಿಯ ತುಣುಕುಗಳನ್ನು ಕಂಪನಿಯು ಸಂಗ್ರಹಿಸಬಹುದು. ಹಾಗೆ ಸಂಗ್ರಹಿಸಲು ಮಾತನಾಡುವವರ ಒಪ್ಪಿಗೆಯನ್ನು ನೀವು ಈಗಾಗಲೇ ಪಡೆದಿದ್ದೀರಿ ಎಂದು ದೃಢಪಡಿಸುತ್ತೀರಿ.' ನಾನು ಯಾವಾಗ ಪಡೆದ್ನೇ?"

ಬೇಕರಿಯಾಕೆಯ ನಗು ಅಲ್ಲಿಗೇ ಆರಿತು. "ಅಂದ್ರೆ... ಹೋದ ವರ್ಷ ನಾನು ನಮ್ಮತ್ತೆ ವಿಷಯ ಹೇಳಿದ್ನಲ್ಲ, ಅಂಥದ್ದೆಲ್ಲ ಹೋಗುತ್ತಾ?"

"ತುಣುಕು ಮಾತ್ರ," ಎಂದಳು ಹುಡುಗಿ.

"ನಮ್ಮತ್ತೆಯನ್ನ ಗುರುತು ಹಿಡಿಯೋಕೆ ತುಣುಕೇ ಸಾಕು ಕಣಮ್ಮ!"

ಅಂಚೆಯಮ್ಮ ಸೊಂಟಕ್ಕೆ ಕೈಯಿಟ್ಟಳು. "ಅಕ್ಕಾ, ಇಪ್ಪತ್ತು ವರ್ಷದಲ್ಲಿ ಒಂದು ಲಕೋಟೆ ಬಿಚ್ಚಿಲ್ಲ ನಾನು. ನೀನು ಅದನ್ನ ಹಾಕ್ಕೊಂಡ್ರೆ ನಿನ್ನ ಹತ್ರ ಬಾಯಿ ಬಿಡಲ್ಲ, ನೋಡು."

ಗುಟ್ಟಕ್ಕ ಇಕ್ಕಟ್ಟಿಗೆ ಸಿಕ್ಕಳು. ಹಾಕಿಕೊಂಡರೆ ಹೇಳುವವರಿಲ್ಲ, ಹಾಕಿಕೊಳ್ಳದಿದ್ದರೆ ಕೇಳುವ ಕಿವಿಯಿಲ್ಲ. ಒತ್ತಬೇಕಾದ ಬೆರಳು ಸೆರಗಿನಲ್ಲಿ ಅಡಗಿತು. ಆದರೆ ಕಣ್ಣು ಹಾಳೆ ಬಿಡಲಿಲ್ಲ. "ಇನ್ನೂ ಹದಿಮೂರು ಹಾಳೆ ಇದೆ. ಇಷ್ಟುದ್ದ ಮಾತಾಡೋರು ಕೊನೇಗೆ ಏನೋ ಒಂದು ನಿಜ ಹೇಳೇ ಹೇಳ್ತಾರೆ. ಓದ್ರೇ ಎಲ್ಲರೂ!"

ನಾಲ್ವರೂ ಮೊಣಕಾಲೂರಿದರು. ಆ ಕಂಪನಿಯ ವಕೀಲರೂ ತಮ್ಮ ಷರತ್ತನ್ನು ಅಷ್ಟು ಶ್ರದ್ಧೆಯಿಂದ ಓದಿರಲಿಕ್ಕಿಲ್ಲ. ಕೊನೆಗೆ ಬಾಗಿಲ ಬಳಿ, ಇಪ್ಪತ್ತೈದನೇ ಹಾಳೆಯ ತಳದಲ್ಲಿ, ಅಂಚೆಯಮ್ಮನಿಗೆ ಸಿಕ್ಕಿತು. ಧ್ವನಿ ಸಂಗ್ರಹವನ್ನು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಗದ್ದಲ ಸೋಸುವುದೂ ನಿಲ್ಲುತ್ತದೆ.

"ಅಂದ್ರೆ ಪಿಸುಮಾತಿನ ಜೊತೆ ಮೆಷಿನ್ ಗಡಗಡಾನೂ ಕೇಳುತ್ತೆ," ಎಂದಳು ಹುಡುಗಿ ಸಪ್ಪೆಯಾಗಿ.

ಗುಟ್ಟಕ್ಕ ಎದ್ದು ನಿಂತಳು. "ಮೆಷಿನ್ ನನ್ನ ಕಾಲಲ್ಲಿದೆ ಕಣೇ, ಕಂಪನಿ ಕೈಯಲ್ಲಲ್ಲ. ಮಾತಾಡೋವಾಗ ನಿಲ್ಲಿಸ್ತೀನಿ. ಮೊದಲು ಆ ಸಂಗ್ರಹ ನಿಲ್ಲಿಸು, ಆಮೇಲೆ ಕಿವಿಗೆ ಇಡು."

ಹುಡುಗಿ ಒಪ್ಪಿಗೆ ಒತ್ತಿಸಿ, ಸಂಗ್ರಹವನ್ನು ನಿಲ್ಲಿಸಿ, ನಿಂತದ್ದನ್ನು ಅಂಚೆಯಮ್ಮನಿಗೆ ಎರಡು ಸಲ ತೋರಿಸಿದ ಮೇಲೆ ಯಂತ್ರ ಕಿವಿಗೆ ಕೂತಿತು. ಬೇಕರಿಯಾಕೆಯನ್ನೂ ಹುಡುಗಿಯನ್ನೂ ಹೊರಗೆ ಕಳಿಸಿದ್ದಾಯಿತು. ಅಂಚೆಯಮ್ಮ ಕೋಟು ತೊಟ್ಟು ನಿಂತಳು. ಅವಳ ಕೊರಳಿಗೆ ಟೇಪು ಬಿತ್ತು. ಗುಟ್ಟಕ್ಕನಿಗೆ ಅವಳ ಉಸಿರು ಕೇಳಿಸಿತು, ತುಟಿ ಬಿಡಿಸಿದ ಸದ್ದೂ ಕೇಳಿಸಿತು. ಆಮೇಲೆ ಕೇಳಿಸಿದ್ದು ಬೀದಿಯಿಂದ: ಟಕ್. ಟಕ್. ಟಕ್ ಟಕ್ ಟಕ್.

ಸುತ್ತಲ ಮನೆಗಳ ಕಿಟಕಿಯ ಚಿಲಕ ತೆಗೆಯುವ ಸದ್ದು! ಮೂವತ್ತು ವರ್ಷ ನಿಲ್ಲದ ಗಡಗಡವೂ ಅಷ್ಟು ಹೊತ್ತಿನ ಕೂಗಾಟವೂ ಒಟ್ಟಿಗೆ ನಿಂತಿದ್ದೇ ತಡ, ಒಳಗೆ ಯಾರೋ ಏನೋ ಹೇಳುತ್ತಿದ್ದಾರೆಂದು ಇಡೀ ಬೀದಿಗೆ ಗೊತ್ತಾಗಿಬಿಟ್ಟಿತ್ತು. ಇಪ್ಪತ್ತೇಳು ಹಾಳೆಯಲ್ಲಿ ಇದೊಂದನ್ನು ಯಾರೂ ಬರೆದಿರಲಿಲ್ಲ.

ಅಂಚೆಯಮ್ಮ ಬಾಯಿ ಮುಚ್ಚಿಕೊಂಡಳು. ಗುಟ್ಟಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏನ್ರೇ ನೋಡ್ತೀರಾ? ಕೋಟಿಗೆ ಗುಂಡಿ ಹಾಕ್ತಿದೀನಿ! ಅದು ಕೈಕೆಲಸ, ಸದ್ದು ಬರಲ್ಲ!"

ಚಿಲಕಗಳು ಒಂದೊಂದಾಗಿ ಬಿದ್ದುಕೊಂಡವು. ಆ ಕೋಟಿಗೆ ಗುಂಡಿ ಹಾಕಲು ನಲವತ್ತು ನಿಮಿಷ ಹಿಡಿಯಿತು. ಅಂಚೆಯಮ್ಮ ಹೊರಗೆ ಬಂದಾಗ ಎದೆಯ ಮೇಲಿನ ಭಾರ ಇಳಿದು ಒಂದು ಗೇಣು ಉದ್ದವಾಗಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬೇಕರಿಯಾಕೆ ಒಂದು ಟವೆಲ್ಲು ಮಡಚಿ ಹಿಡಿದು ನಿಂತಿದ್ದಳು. ಪಕ್ಕದ ಮನೆಯವರಿಗೆ ಕೇಳುವಂತೆ ಜೋರಾಗಿ ಹೇಳಿದಳು:

"ಅಕ್ಕಾ, ಇದಕ್ಕೂ ಸ್ವಲ್ಪ ಗುಂಡಿ ಹಾಕ್ಬೇಕಿತ್ತು!"