ಶೀಟಿನ ಮೇಲೆ ಎಸೆದ ಹಲ್ಲು

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹುಟ್ಟಿದ್ದೇ ನಮ್ಮ ಯಜಮಾನರನ್ನು ನೋಡಿ ಎಂದು ನಾನು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ.

ಮುಂಬಯಿ ಪಕ್ಕದ ನೌಪಾಡಾದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ರಜೆಯ ದಿನ ಮೊಮ್ಮಗಳು ತನ್ವಿ ಅಲ್ಲೇ ಇರುತ್ತಾಳೆ. ಒಂಬತ್ತು ವರ್ಷ. ಅವಳ ಹಾಲುಹಲ್ಲು ಬಿದ್ದಾಗಲೆಲ್ಲ ಅಜ್ಜನೇ ಅದನ್ನು ಸೆಗಣಿಯುಂಡೆಯಲ್ಲಿಟ್ಟು ಹಿಂದಿನ ಅಡುಗೆಮನೆಯ ಮಾಡಿನ ಶೀಟಿನ ಮೇಲೆ ಎಸೆಯುತ್ತಿದ್ದರು. ದೇವಸ್ಥಾನದೆದುರು ಹಸು ಕಟ್ಟಿಕೊಂಡು ಹುಲ್ಲು ಮಾರುವ ಹೆಂಗಸೇ ಸೆಗಣಿ ಕೊಡುತ್ತಿದ್ದಳು. ಉಡುಪಿ ಬಿಟ್ಟು ನಲವತ್ತು ವರ್ಷವಾದರೂ ಈ ಒಂದು ಶಾಸ್ತ್ರವನ್ನು ಅವರು ಬಿಟ್ಟವರಲ್ಲ.

ಆ ಶನಿವಾರ ತನ್ವಿ ಹೋಟೆಲಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದಳು. ಮೇಲಿನ ಮುಂದಿನ ಹಲ್ಲೊಂದು ಬುಡಸಮೇತ ಹೊರಗೆ ಬಂತು. ನಾನು ಅವಳ ಬಾಯಿಗೆ ಬಟ್ಟೆ ಒತ್ತಿ ಹಿಡಿದು, ನವಿ ಮುಂಬಯಿಯ ಆಫೀಸಿನಲ್ಲಿದ್ದ ಸೊಸೆ ಅಪರ್ಣಾಗೆ ಫೋನು ಮಾಡಿದೆ.

"ಅತ್ತೆ, ಹಲ್ಲು ಎಲ್ಲುಂಟು?" ಎಂದಳು. "ಅದು ಹಾಲುಹಲ್ಲಲ್ಲ, ಮತ್ತೆ ಹುಟ್ಟುವುದಿಲ್ಲ. ತಣ್ಣನೆ ಹಾಲಲ್ಲಿ ಹಾಕಿ. ಬೇರು ಮುಟ್ಟಬೇಡಿ, ಉಜ್ಜಬೇಡಿ. ಒಂದು ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ಕೂರಿಸಬಹುದು."

ಅಷ್ಟರಲ್ಲಿ ಯಜಮಾನರು ಹಿಂಬಾಗಿಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಹಸುವಿನವಳು ಇವತ್ತು ಬಂದಿಲ್ಲ, ಹಲ್ಲನ್ನು ಸೆಗಣಿಯಿಲ್ಲದೆಯೇ ಶೀಟಿನ ಮೇಲೆ ಎಸೆದೆ, ಪರವಾಗಿಲ್ಲ ಅಲ್ಲವಾ ಎಂದು ನನ್ನನ್ನೇ ಕೇಳಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಬೈಯಲು ಪುರುಸೊತ್ತೆಲ್ಲಿ? ಸಂಗತಿ ತಿಳಿದದ್ದೇ ಅವರ ಮುಖ ಕಪ್ಪಿಟ್ಟಿತು. ಮಂಡಿನೋವಿಗೆ ನಾಲ್ಕು ಮೆಟ್ಟಿಲಿಗೆ ನಾಲ್ಕು ಸಲ ನಿಲ್ಲುವ ಮನುಷ್ಯ, ಬೋರ್ಡು ಒರೆಸುವ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿಯೇಬಿಟ್ಟರು. ಅಡುಗೆಯ ಗುರುನಾಥ ಏಣಿ ಹಿಡಿದ. ನಾನು ಫ್ರಿಜ್ಜಿನ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡು ಕೆಳಗೆ ನಿಂತೆ. ಇವರೂ ಬಿದ್ದರೆ ಎಂಬ ಹೆದರಿಕೆ ಒಂದು ಕಡೆ, ಹಲ್ಲು ಸಿಗದಿದ್ದರೆ ಮಗು ಬಾಯಿ ಮುಚ್ಚಿಕೊಂಡು ನಗಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ. ಶೀಟಿನ ಅಂಚಿನ ತರಗೆಲೆಯಲ್ಲಿ ಅದು ಸಿಕ್ಕಿತು. ಬೇರು ಮುಟ್ಟದೆ ತುದಿ ಹಿಡಿದು ತಂದು ಲೋಟಕ್ಕೆ ಹಾಕಿದರು.

ಡಾಕ್ಟರು ಹಲ್ಲನ್ನು ಕೂರಿಸಿ ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ತಂತಿ ಹಾಕಿದರು. ಹಾಲಲ್ಲಿ ತಂದದ್ದು ಒಳ್ಳೆಯದಾಯಿತು, ಇನ್ನು ಎರಡು ವಾರ ಮೆತ್ತಗಿನ ಊಟ ಎಂದರು. ಅಜ್ಜ ದಿನಾ ಇಡ್ಲಿಯನ್ನು ಹಾಲಲ್ಲಿ ಕಿವುಚಿ ಕೊಟ್ಟರು, ಆದರೆ ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ.

ಎರಡು ವಾರ ಕಳೆದ ಮೇಲೆ ಡಾಕ್ಟರು ತಂತಿ ಬಿಚ್ಚಿದರು. ಹಲ್ಲು ಗಟ್ಟಿಯಾಗಿ ನಿಂತಿತ್ತು. ಅದೇ ವಾರ ತನ್ವಿಯ ಕೆಳಗಿನ ಕೋರೆಹಲ್ಲೊಂದು ಬಿತ್ತು, ಅದು ನಿಜವಾದ ಹಾಲುಹಲ್ಲು. ಯಜಮಾನರು ಅದನ್ನು ಮುಟ್ಟಲೇ ಇಲ್ಲ. ಒಳಗೆ ಓಡಿ ಒಂದು ಲೋಟ ಹಾಲು ತಂದು ಅವಳ ಮುಂದೆ ಹಿಡಿದರು.

ತನ್ವಿ ಲೋಟ ತೆಗೆದು ನನ್ನ ಕೈಗೆ ಕೊಟ್ಟಳು. ಅಜ್ಜನ ಅಂಗೈ ಬಿಡಿಸಿ ಹಲ್ಲನ್ನು ಅದರಲ್ಲಿಟ್ಟಳು.

"ಅಜ್ಜ, ಯೇ ವಾಲಾ ಫೇಂಕನೇ ಕಾ ಹೈ. ಎಸೆಯುವ ಹಲ್ಲು ಇದೇ, ನೀವೇ ಬಿಸಾಡಬೇಕು."

ಹದಿನೈದು ದಿನದ ಮೇಲೆ ಅವರು ಅವಳ ಮುಖ ನೋಡಿದರು. ಇಬ್ಬರೂ ಕೈ ಹಿಡಿದುಕೊಂಡು ಸೆಗಣಿ ಕೇಳಲು ಹಸುವಿನವಳ ಹತ್ತಿರ ಹೋದರು.